ಎಡಮೂಲೆಯ ಸಹಿ

ಜನವರಿ 12

ತಮ್ಮನಿಗೆ,

ಮೊದಲೇ ಹೇಳಿಬಿಡುತ್ತೇನೆ, ಇದು ರಾಜಿಯ ಕಾಗದವಲ್ಲ. "ಇನ್ನು ನಿನ್ನ ಜೊತೆ ಮಾತಿಲ್ಲ" ಎಂದು ಕೀಲಿಗೊಂಚಲನ್ನು ನನ್ನ ಮೇಜಿನ ಮೇಲೆ ಎಸೆದು ಹೋದವನು ನೀನು. ಎರಡು ವರ್ಷ ಎರಡು ತಿಂಗಳಾಯಿತು. ನಾನು ಫೋನ್ ಮಾಡಿದಾಗಲೆಲ್ಲ ಅಮ್ಮ ಎತ್ತಿ "ಅವನು ಸ್ನಾನಕ್ಕೆ ಹೋಗಿದಾನೆ" ಎನ್ನುತ್ತಾಳೆ. ಇಷ್ಟು ಸ್ನಾನ ಮಾಡುವ ಮನುಷ್ಯನನ್ನು ನಾನು ಕಂಡಿಲ್ಲ. ಮಾತಿಲ್ಲ ಎಂದೆಯೇ ಹೊರತು ಕಾಗದವಿಲ್ಲ ಎನ್ನಲಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಕಾರ್ಖಾನೆಯದು. ಹೊಸ ನಿಯಮ ಬಂದಿದೆ. ಇಲ್ಲಿಯವರೆಗೆ ಕ್ರಿಮಿ ಕೊಲ್ಲುವ ಚೇಂಬರಿನಿಂದ ಬರುವ ಅನಿಲವನ್ನು ತೊಳೆದು ಚಿಮಣಿಗೆ ಬಿಟ್ಟರೆ ಸಾಕಿತ್ತು. ಇನ್ನು ಗಾಳಿಕೋಣೆಗೂ ಲೆಕ್ಕ ಕೊಡಬೇಕು. ನಿನಗೆ ಗೊತ್ತಿದ್ದದ್ದೇ, ಆದರೂ ನಿಯಮದ ಪುಸ್ತಕ ಹೇಳುವ ಹಾಗೆ ಹೇಳುತ್ತೇನೆ: ಆಸ್ಪತ್ರೆಯ ಟ್ಯೂಬು, ಸೂಜಿ, ಬ್ಯಾಂಡೇಜುಗಳ ಪೆಟ್ಟಿಗೆಗಳು ಚೇಂಬರಿನಲ್ಲಿ ಕುಡಿದ ಎಥಿಲೀನ್ ಆಕ್ಸೈಡನ್ನು ಆ ಬೆಚ್ಚನೆಯ ಕೋಣೆಯಲ್ಲಿ ನಿಧಾನವಾಗಿ ಬಿಡುತ್ತವೆ. ಅದನ್ನು ನಾವು ಇಷ್ಟು ವರ್ಷ ಫ್ಯಾನ್ ಹಾಕಿ ಚಾವಣಿಯ ಕೊಳವೆಯಿಂದ ಆಕಾಶಕ್ಕೆ ಬಿಟ್ಟೆವು, ಹಿಂದಿನ ಬೀದಿಯ ಮನೆಗಳು ಉಸಿರಾಡಿದವು. ಕ್ರಿಮಿಯನ್ನು ಕೊಲ್ಲುವಂಥದ್ದು ಮನುಷ್ಯನನ್ನೇನು ಮುದ್ದಿಸುವುದಿಲ್ಲ. ವರ್ಷಗಟ್ಟಲೆ ಒಳಗೆ ಹೋದರೆ ಕ್ಯಾನ್ಸರ್ ತರಬಲ್ಲದು. ಮೂಗಿಗೆ ವಾಸನೆ ತಿಳಿಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಈಗ ಆ ಕೋಣೆಯನ್ನು ಬಿಗಿಯಾಗಿ ಮುಚ್ಚಬೇಕು. ಎಲ್ಲ ಬಾಗಿಲಿನಲ್ಲೂ ಗಾಳಿ ಒಳಕ್ಕೇ ಎಳೆಯಬೇಕು, ಹೊರಕ್ಕೆ ಒಂದು ಉಸಿರೂ ಹೋಗಕೂಡದು. ಎಳೆದ ಗಾಳಿ ಒಂದು ಶುದ್ಧಿಯಂತ್ರದ ಮೂಲಕ ಹಾದು ಚಾವಣಿಗೆ ಹೋಗಬೇಕು, ಅಲ್ಲಿ ಹಗಲಿರುಳು ಮೀಟರು. ಲೆಕ್ಕ ಸುಲಭವಾಗಲಿ ಎಂದು ಮಿತಿ ಹತ್ತು ಎಂದಿಟ್ಟುಕೋ. ಹತ್ತಕ್ಕಿಂತ ಕೆಳಗೆ ಸತತ ಮೂವತ್ತು ದಿನ ನಿಂತ ದಾಖಲೆಯನ್ನು ಜೂನ್ 30ರೊಳಗೆ ಕೊಡಬೇಕು. ಇಲ್ಲದಿದ್ದರೆ ಚೇಂಬರುಗಳಿಗೆ ಬೀಗ.

ಗಾಳಿಕೋಣೆಯ ಕೊಳವೆಗಳ ನಕ್ಷೆ ಆಫೀಸಿನಲ್ಲಿಲ್ಲ. ಇದ್ದದ್ದು ಅಪ್ಪನ ತಲೆಯಲ್ಲಿ, ಅಪ್ಪ ಹೋದ ಮೇಲೆ ನಿನ್ನ ತಲೆಯಲ್ಲಿ. ಗಾಳಿ ಬರುವ ಹೋಗುವ ದಾರಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕಳಿಸು. ಬೀಗ ಬೀಳಲು ನಾನು ಬಿಡುವುದಿಲ್ಲ.

ಅಕ್ಕ

*

ಫೆಬ್ರವರಿ 3

ಮಾನ್ಯ ಮೇಲ್ವಿಚಾರಕರಿಗೆ,

ತಮ್ಮ ಜನವರಿ 12ರ ಪತ್ರ ತಲುಪಿತು. ನಕ್ಷೆ ಲಗತ್ತಿಸಿದೆ. ಹದಿನಾಲ್ಕು ವರ್ಷ ಆ ಕೋಣೆಯಲ್ಲಿ ಬೆವರು ಸುರಿಸಿದ್ದರಿಂದ ಕಣ್ಣು ಮುಚ್ಚಿ ಬರೆಯಬಲ್ಲೆ, ಆದರೂ ತೆರೆದೇ ಬರೆದಿದ್ದೇನೆ. ತಾವು ಕೇಳಿದ್ದು ಗಾಳಿಯ ದಾರಿ. ಗಾಳಿಯ ದಾರಿಯನ್ನಷ್ಟೇ ತೋರಿಸಿದ್ದೇನೆ. ಕೇಳದ್ದನ್ನು ಮಾಡಿದರೆ ಏನಾಗುತ್ತದೆ ಎಂಬುದನ್ನು ತಮ್ಮ ಕೈಕೆಳಗೆ ಕಲಿತಿದ್ದೇನೆ.

ನಾನೀಗ ಆಸ್ಪತ್ರೆಯ ಸ್ಟೋರಿನಲ್ಲಿದ್ದೇನೆ ಎಂದು ಅಮ್ಮ ಹೇಳಿರುತ್ತಾಳೆ. ವಾರಕ್ಕೆರಡು ಸಲ ತಮ್ಮ ಕಾರ್ಖಾನೆಯ ಪೆಟ್ಟಿಗೆಗಳು ಬರುತ್ತವೆ. ಚೀಟಿಯ ಬಲಮೂಲೆಯಲ್ಲಿ ಮೇಲ್ವಿಚಾರಕರ ಸಹಿ, ಎಡಮೂಲೆಯಲ್ಲಿ ಚೇಂಬರ್ ಆಪರೇಟರರ ಸಹಿ. ಎಡಮೂಲೆ ಮೊದಲು ನನ್ನದಾಗಿತ್ತು. ಈಗಿನವರದು ಕೋಳಿ ಕೆದರಿದ ಹಾಗಿದೆ. ತಮ್ಮದು ಹಾಗೇ ಇದೆ, ಕೊನೆಯ ಅಕ್ಷರಕ್ಕೆ ಬಾಲ ಎಳೆಯುವುದು ಕೂಡ.

ತಮ್ಮ ಕಾರ್ಖಾನೆಗೆ ಬೀಗ ಬಿದ್ದರೆ ನಮ್ಮ ಕಪಾಟು ಒಂಬತ್ತು ದಿನ ತಡೆದೀತು. ಮಕ್ಕಳ ವಾರ್ಡಿನ ಸಣ್ಣ ಟ್ಯೂಬುಗಳು ಆರೇ ದಿನ. ಆದ್ದರಿಂದ ತಾವು ಗೆಲ್ಲಲಿ ಎನ್ನುವುದು ಸ್ಟೋರಿನ ಅಗತ್ಯವೇ ಹೊರತು ನನ್ನ ಸ್ವಂತ ಆಸೆಯಲ್ಲ.

ಸ್ನಾನ ಮಾಡುವುದು ಅಪರಾಧವಲ್ಲ ಎಂದು ಭಾವಿಸಿರುವ,
ಮಾಜಿ ಆಪರೇಟರ್

*

ಮಾರ್ಚ್ 9

ಮಾಜಿ ಆಪರೇಟರ್ ಸಾಹೇಬರಿಗೆ,

ನಕ್ಷೆಗೆ ಉಪಕಾರ. ಬೈಗುಳಕ್ಕೂ ಉಪಕಾರ, ಅಷ್ಟಾದರೂ ಬರೆದೆಯಲ್ಲ.

ನಾಲ್ಕು ವಾರ ನಾವು ಬಾಗಿಲುಗಳ ಹಿಂದೆ ಬಿದ್ದೆವು. ತೆಳು ಕಾಗದದ ಪಟ್ಟಿಯನ್ನು ಬಾಗಿಲ ಸಂದಿಗೆ ಹಿಡಿದು ನೋಡುವುದು, ಪಟ್ಟಿ ಒಳಕ್ಕೆ ಬಾಗಿದರೆ ಸರಿ, ಹೊರಕ್ಕೆ ಬಾಗಿದರೆ ಅಲ್ಲಿಗೆ ರಬ್ಬರು ಬಡಿಯುವುದು. ನಿನ್ನ ನಕ್ಷೆ ನೋಡಿ ಕಪಾಟಿನ ಹಿಂದಿನ ಹಳೆಯ ಕಿಂಡಿಯನ್ನು ಮುಚ್ಚಿದೆವು. ಸರಕು ಇಳಿಸುವ ಕಡೆಯ ಬಾಗಿಲಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸುವ ಚಾಳಿ ನಿನ್ನ ಕಾಲದಿಂದಲೂ ಇತ್ತಲ್ಲ, ಆ ಇಟ್ಟಿಗೆಯನ್ನು ನಾನು ನನ್ನ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಗುಂಡಕ್ಕ ಈಗ ಟ್ರಾಲಿ ತಳ್ಳಿಕೊಂಡು ಬಂದಾಗಲೆಲ್ಲ "ಇಟ್ಟಿಗೆ ಜೈಲಲ್ಲಿದೆ, ಬಾಗಿಲು ಹಿಡೀರಪ್ಪಾ" ಎಂದು ಕೂಗುತ್ತಾಳೆ. ಅವಳು ಈಗಲೂ ಕಡ್ಡಿಯ ಹಾಗೇ ಇದ್ದಾಳೆ, ಗುಂಡಕ್ಕ ಎಂದು ಹೆಸರಿಟ್ಟವರು ಯಾರೋ ಇನ್ನೂ ಪತ್ತೆಯಾಗಿಲ್ಲ.

ಶುದ್ಧಿಯಂತ್ರ ಬಂತು. ಅದನ್ನು ಕೂರಿಸಲು ಎಂಜಿನಿಯರು ಒಂದು ಗೋಡೆ ತೋರಿಸಿದರೆ ಮ್ಯಾನೇಜರು ಇನ್ನೊಂದು ತೋರಿಸಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು, ಮಧ್ಯೆ ಹಗ್ಗ ನಾನು. ಕೊನೆಗೆ ನಾನು ತೋರಿಸಿದ ಗೋಡೆಗೇ ಕೂತಿತು.

ತಪಾಸಣೆಯ ಅಧಿಕಾರಿ ಗಿಡ್ಡನೆಯ ಹೆಂಗಸು. ಮೀಟರು ನೋಡುವವರೆಗೆ ಚಹಾ ಮುಟ್ಟುವುದಿಲ್ಲ. ಚಿಮಣಿಯ ಅಂಕಿ ನೋಡಿ "ಪಾಸು" ಎಂದರು. ಚಾವಣಿಯ ಅಂಕಿ ನೋಡಿ ಚಹಾ ಕುಡಿಯದೇ ಹೋದರು. ಹತ್ತು ಇರಬೇಕಾದ ಕಡೆ ಮೂವತ್ತೊಂದು.

ಫ್ಯಾನ್ ಜೋರು ಮಾಡಿದೆವು. ಮೂವತ್ತೆಂಟು. ಇನ್ನೂ ಜೋರು ಮಾಡಿದೆವು. ನಲವತ್ತನಾಲ್ಕು. ಎಳೆದಷ್ಟೂ ಹೆಚ್ಚು ಬರುತ್ತಿದೆ, ಎಲ್ಲಿಂದ ಎಂದು ಯಾರಿಗೂ ಗೊತ್ತಿಲ್ಲ. ಎಂಜಿನಿಯರು ಪೆಟ್ಟಿಗೆಗಳನ್ನು ಬೈಯುತ್ತಿದ್ದಾರೆ. ಅವನ್ನು ಚೇಂಬರಿನಲ್ಲೇ ಒಂದು ದಿನ ಹೆಚ್ಚು ಇಟ್ಟು ನೋಡಿದೆ, ಏನೂ ಬದಲಾಗಲಿಲ್ಲ. ನಿನಗೇನಾದರೂ ಹೊಳೆದರೆ ಬರೆ. ಹೊಳೆಯದಿದ್ದರೂ ಬರೆ.

ಅಕ್ಕ

*

ಏಪ್ರಿಲ್ 27

ತಮ್ಮನಿಗೆ,

ಏಳು ವಾರವಾಯಿತು, ನಿನ್ನಿಂದ ಒಂದಕ್ಷರವಿಲ್ಲ. ಮೊಬೈಲಿನಲ್ಲಿ ಅಮ್ಮನ ದನಿಯೂ ಸರಿಯಿಲ್ಲ. ಏನು ಎಂದರೆ "ಏನಿಲ್ಲ, ಶೀತ" ಎನ್ನುತ್ತಾಳೆ. ನೀವಿಬ್ಬರೂ ಸೇರಿ ನನ್ನಿಂದ ಏನೋ ಮುಚ್ಚಿಡುತ್ತಿದ್ದೀರಿ. ಇರಲಿ, ನಾನು ನನ್ನ ಕೆಲಸ ಹೇಳುತ್ತೇನೆ.

ಕಳೆದ ವಾರ ಗಾಳಿಕೋಣೆಯನ್ನು ಪೂರ್ತಿ ಖಾಲಿ ಮಾಡಿಸಿದೆ. ಚೇಂಬರು ಎಂದಿನಂತೆ ನಡೆಯಲಿ, ಪೆಟ್ಟಿಗೆಗಳು ಮಾತ್ರ ಪಕ್ಕದ ಚಿಕ್ಕ ಕೋಣೆಗೆ ಹೋಗಲಿ ಎಂದೆ. ನೆಲ, ಗೋಡೆ, ಕಪಾಟು ಎಲ್ಲವನ್ನೂ ಒಣಬಟ್ಟೆಯಲ್ಲಿ ಒರೆಸಿದೆವು. ಒಂದು ಪೆಟ್ಟಿಗೆ ಇಲ್ಲ, ಒಂದು ಚೀಟಿ ಇಲ್ಲ. ಎರಡು ದಿನ ಕಾದು ಮೀಟರು ನೋಡಿದೆ. ಇಪ್ಪತ್ತೊಂಬತ್ತು. ಖಾಲಿ ಕೋಣೆ ಉಸಿರಾಡುತ್ತಿದೆ. ಕೈಮೀಟರು ಹಿಡಿದು ಬಾಗಿಲು, ಗೋಡೆ, ಕೊಳವೆಗಳ ಉದ್ದಕ್ಕೂ ನಡೆದೆ. ಎಲ್ಲ ಕಡೆ ಒಂದೇ ಸಮ.

ಮ್ಯಾನೇಜರು ಬಂದು ಒಂದು ಉಪಾಯ ಹೇಳಿದರು. ಮೀಟರಿನ ಮೂತಿಯನ್ನು ಒಂದು ಮೊಳ ಆಚೆ ಸರಿಸಿದರೆ ಹೊರಗಿನ ಗಾಳಿಯೂ ಬೆರೆತು ಅಂಕಿ ಇಳಿಯುತ್ತದಂತೆ. "ಜ್ವರ ಬಂದವನಿಗೆ ಥರ್ಮಾಮೀಟರನ್ನ ತಣ್ಣೀರಲ್ಲಿ ಅದ್ದಿ ತೋರಿಸ್ತೀರಾ?" ಎಂದೆ. ಅವರು ಮುಖ ಗಂಟಿಕ್ಕಿಕೊಂಡು ಹೋದರು. ಕೆಟ್ಟವರಲ್ಲ, ಹೆದರಿದ್ದಾರೆ. ನೂರಾ ಹತ್ತು ಜನರ ಕೆಲಸ ನಿಂತುಹೋಗುತ್ತದೆ ಎಂದರೆ ಯಾರಾದರೂ ಹೆದರುತ್ತಾರೆ.

ಗುಂಡಕ್ಕ ನಿನ್ನೆ ಚಹಾ ಕುಡಿಯುವಾಗ, "ನಿಮ್ಮ ತಮ್ಮ ಇದ್ದಿದ್ರೆ ಹುಡುಕಿಬಿಡ್ತಿದ್ರು" ಎಂದಳು. ಮಣಿಕಟ್ಟು ಮುರಿದುಕೊಂಡವಳೇ ಈ ಮಾತು ಹೇಳಿದಳು. ಹಾಗಾಗಿ ನಾವಿಬ್ಬರೂ ಬಾಯಿಬಿಡದ ಆ ದಿನದ ಮಾತನ್ನು ನಾನೇ ತೆಗೆಯುತ್ತೇನೆ.

ನೀನು ದಿನಾ ಬೆಳಗ್ಗೆ ಗಾಳಿಕೋಣೆಯ ನೆಲದ ಮೋರಿಗೆ ಒಂದು ಬಕೆಟ್ ನೀರು ಸುರಿಯುತ್ತಿದ್ದೆ. ಅಪ್ಪನೂ ಸುರಿಯುತ್ತಿದ್ದರು. ಯಾಕೆ ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಒಂದು ದಿನ ಆ ನೀರು ನೆಲಕ್ಕೆ ಹರಡಿ ಗುಂಡಕ್ಕ ಜಾರಿ ಬಿದ್ದಳು. ನಾನು "ಗಾಳಿಕೋಣೆಯಲ್ಲಿ ನೀರು ಸುರಿಯುವುದನ್ನು ನಿಷೇಧಿಸಲಾಗಿದೆ" ಎಂದು ಬರೆದು ಸಹಿ ಹಾಕಿ ಗೋಡೆಗೆ ಅಂಟಿಸಿದೆ, ಮೋರಿಯ ಮೇಲೆ ರಬ್ಬರು ಹಾಸು ಹಾಕಿಸಿ ಸ್ಕ್ರೂ ಬಿಗಿಸಿದೆ. ನೀನು "ಅಪ್ಪ ಮಾಡ್ತಿದ್ರಲ್ಲ" ಎಂದೆ. ಆಗ ನಾನು ಎಲ್ಲರ ಮುಂದೆ, "ಇದು ಕಾರ್ಖಾನೆ, ನಿಮ್ಮಪ್ಪನ ಮನೆ ಬಚ್ಚಲಲ್ಲ" ಎಂದುಬಿಟ್ಟೆ. ನಿಮ್ಮಪ್ಪ ಎಂದೆ, ನನಗೆ ಬೇರೆ ಅಪ್ಪ ಇದ್ದ ಹಾಗೆ. ಎಲ್ಲರೂ ನಕ್ಕರು. ನೀನು ನಗಲಿಲ್ಲ.

ಒಬ್ಬಳ ಕೈ ಮುರಿದ ಮೇಲೆ ನೀರು ನಿಲ್ಲಿಸಿದ್ದು ಸರಿ ಎಂದು ಈಗಲೂ ಹೇಳುತ್ತೇನೆ. ಹತ್ತು ಜನರ ಮುಂದೆ ಹಾಗೆ ಅಂದದ್ದು ತಪ್ಪು ಎಂದೂ ಹೇಳುತ್ತೇನೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ, ಗೊತ್ತು.

ಮೇ 31ರಂದು ಅಂಕಿ ಹತ್ತರ ಕೆಳಗಿದ್ದರೆ ಮಾತ್ರ ಮೂವತ್ತು ದಿನ ಸಿಗುತ್ತದೆ. ಇನ್ನು ಮೂವತ್ತನಾಲ್ಕು ದಿನವಿದೆ. ಹುಡುಕುತ್ತೇನೆ.

ಅಕ್ಕ

*

ಮೇ 10

ಅಕ್ಕಾ,

ನಿನ್ನ ಮಾರ್ಚಿನ ಕಾಗದಕ್ಕೆ ಉತ್ತರ ಬರೆಯುವ ಮೊದಲೇ ಆಸ್ಪತ್ರೆಗೆ ಓಡಬೇಕಾಯಿತು, ಏಪ್ರಿಲಿನದು ಬಾಗಿಲ ಸಂದಿಯಲ್ಲಿ ಬಿದ್ದಿತ್ತು. ಮನೆಗೆ ನಲವತ್ತು ದಿನ ಬೀಗ ಹಾಕಿತ್ತು.

ನೀನು ಸೋದರತ್ತೆಯಾಗಿದ್ದೀಯ. ಹೆಣ್ಣುಮಗು. ಮಾರ್ಚ್ 19ಕ್ಕೆ ನಮ್ಮ ಆಸ್ಪತ್ರೆಯಲ್ಲೇ ಹುಟ್ಟಿತು, ಬರಬೇಕಾದದ್ದಕ್ಕಿಂತ ಒಂದೂವರೆ ತಿಂಗಳು ಮೊದಲು. ಹನ್ನೊಂದು ದಿನ ಮಕ್ಕಳ ವಾರ್ಡಿನಲ್ಲಿಟ್ಟಿದ್ದರು, ಮೂಗಿನಲ್ಲಿ ಟ್ಯೂಬು. ಉಳಿಯುತ್ತದೋ ಇಲ್ಲವೋ ತಿಳಿಯದೆ ಯಾರಿಗೂ ಹೇಳಬಾರದೆಂದು ಅಮ್ಮನಿಗೂ ಬಾಯಿಗೆ ಬೀಗ ಹಾಕಿದ್ದೆ. ಅವಳ ಶೀತ ಅದೇ. ಆಮೇಲೆ ಎಲ್ಲರೂ ನನ್ನ ಹೆಂಡತಿಯ ತಾಯಿಯ ಮನೆಗೆ ಹೋದೆವು, ನಾನು ಅಲ್ಲಿಂದಲೇ ಬಸ್ಸಿನಲ್ಲಿ ಓಡಾಡುತ್ತಿದ್ದೆ.

ಆ ಟ್ಯೂಬನ್ನು ಸ್ಟೋರಿನ ಕಪಾಟಿನಿಂದ ತೆಗೆದುಕೊಟ್ಟವನು ನಾನು. ಚೀಟಿಯ ಬಲಮೂಲೆಯಲ್ಲಿ ನಿನ್ನ ಸಹಿ, ಬಾಲ ಸಮೇತ. ಆ ಚೀಟಿಯನ್ನು ಇಟ್ಟುಕೊಂಡಿದ್ದೇನೆ. ಯಾಕೆ ಎಂದು ಕೇಳಬೇಡ.

ಮೊನ್ನೆ ಮನೆಗೆ ಬಂದೆವು. ಬಾಗಿಲು ತೆಗೆದರೆ ನಾತ, ಮೂಗು ಮುಚ್ಚಿಕೊಳ್ಳಬೇಕು. ಇವಳು ಹೊಸ್ತಿಲಲ್ಲೇ ನಿಂತು, "ಈ ನಾತದೊಳಗೆ ಪಾಪುನ ತರಲ್ಲ" ಎಂದಳು. ಎಲ್ಲೋ ಇಲಿ ಸತ್ತಿದೆ ಎಂದುಕೊಂಡು ನಾನು ಅಟ್ಟ ಹತ್ತಿದೆ, ಮಂಚ ಸರಿಸಿದೆ, ಅಕ್ಕಿ ಡಬ್ಬದ ಹಿಂದೆ ಟಾರ್ಚು ಬಿಟ್ಟೆ. ಕಿಟಕಿ ತೆಗೆದು ಫ್ಯಾನು ಹಾಕಿದರೆ ಇನ್ನೂ ಜಾಸ್ತಿಯಾಯಿತು. ಅಮ್ಮ ನನ್ನ ಸರ್ಕಸ್ಸನ್ನು ಸ್ವಲ್ಪ ಹೊತ್ತು ನೋಡಿದಳು. ಮಗುವನ್ನು ಇವಳ ಕೈಗೆ ಕೊಟ್ಟು, ನೇರ ಬಚ್ಚಲಿಗೆ ಹೋಗಿ ಮೋರಿಗೆ ಒಂದು ಬಕೆಟ್ ನೀರು ಸುರಿದಳು. "ಬಚ್ಚಲು ಬಾಯಾರಿತ್ತು ಕಣೋ. ಮೋರಿ ಬಾಯಲ್ಲಿ ನೀರು ಒಣಗಿದ್ರೆ ಚರಂಡಿ ಮನೆಯೊಳಗೇ ಉಸಿರು ಬಿಡುತ್ತೆ" ಎಂದಳು. ಹತ್ತು ನಿಮಿಷದಲ್ಲಿ ನಾತ ಮಾಯ. ಮೂರು ಗಂಟೆ ಇಲಿ ಹುಡುಕಿದವನನ್ನು ಇವಳು ಈಗಲೂ ಇಲಿಪಂಡಿತ ಎಂದು ಕರೆಯುತ್ತಿದ್ದಾಳೆ.

ಮಗು ಈಗ ಚೆನ್ನಾಗಿದೆ. ಅಳುವಾಗ ನಿನ್ನ ಹಾಗೆ ಹುಬ್ಬು ಗಂಟಿಕ್ಕುತ್ತದೆ. ನಿನ್ನ ಅಂಕಿಯ ವಿಷಯ ನನಗೇನೂ ಹೊಳೆಯಲಿಲ್ಲ. ಹೊಳೆಯದಿದ್ದರೂ ಬರೆ ಎಂದಿದ್ದೆಯಲ್ಲ, ಬರೆದಿದ್ದೇನೆ.

ತಮ್ಮ

*

ಮೇ 16

ನನ್ನ ತಮ್ಮನಿಗೆ,

ನಿನ್ನ ಕಾಗದವನ್ನು ಊಟದ ಬಿಡುವಿನಲ್ಲಿ ಓದಿದೆ. ಮಗುವಿನ ವಿಷಯ ಓದಿ ಅಳು ಬಂತು, ಎಲ್ಲರ ಮುಂದೆಯೇ ಅತ್ತುಬಿಟ್ಟೆ. ಆಮೇಲೆ ಬಚ್ಚಲಿನ ವಿಷಯ ಓದಿದೆ. ಎರಡು ಸಲ ಓದಿದೆ. ಎಂಜಲು ಕೈಯಲ್ಲೇ ಎದ್ದೆ.

ಸ್ಕ್ರೂಡ್ರೈವರ್ ತೆಗೆದುಕೊಂಡು ಗಾಳಿಕೋಣೆಗೆ ಹೋಗಿ ಆ ರಬ್ಬರು ಹಾಸನ್ನು ಕಿತ್ತೆ. ಗುಂಡಕ್ಕ ಕೈಮೀಟರು ಹಿಡಿದು ಬಗ್ಗಿದಳು. ಇಷ್ಟು ತಿಂಗಳು ಎದೆಯೆತ್ತರದಲ್ಲಿ ಮೀಟರು ಹಿಡಿದು ಓಡಾಡಿದ ನಾವು ಒಮ್ಮೆಯೂ ನೆಲಕ್ಕೆ ಬಗ್ಗಿರಲಿಲ್ಲ. ಮುಳ್ಳು ಕೊನೆಗೆ ಹೋಗಿ ಬಡಿಯಿತು. ಇಬ್ಬರೂ ಹೊರಗೆ ಓಡಿದೆವು. ಮುಖಕ್ಕೆ ಅನಿಲ ತಡೆಯುವ ಮುಖವಾಡ ಹಾಕಿಕೊಂಡು ವಾಪಸು ಬಂದು ಒಂದು ಬಕೆಟ್ ನೀರು ಸುರಿದೆ, ನಿಧಾನವಾಗಿ, ನೆಲಕ್ಕೆ ಹರಡದ ಹಾಗೆ. ಸಂಜೆ ನಾಲ್ಕಕ್ಕೆ ಚಾವಣಿಯ ಅಂಕಿ ಹದಿನಾಲ್ಕು. ಮರುದಿನ ಬೆಳಗ್ಗೆ ಏಳು. ಇವತ್ತು ಆರು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಚೇಂಬರಿನಿಂದ ಅನಿಲ ಎಳೆಯುವ ಪಂಪಿನ ನೀರು ಅದೇ ಚರಂಡಿಯಲ್ಲಿ ಹೋಗುತ್ತದೆ. ಆ ನೀರಿನಲ್ಲಿ ಕರಗಿದ ಅನಿಲ ದಾರಿಯಲ್ಲಿ ಮೇಲೇಳುತ್ತದೆ. ಮೋರಿಯ ಬಾಗಿದ ಕೊಳವೆಯಲ್ಲಿ ನೀರು ನಿಂತಿದ್ದರೆ ಅದೇ ಮುಚ್ಚಿದ ಬಾಗಿಲು. ಆ ಕೋಣೆಯ ಸೆಕೆಗೆ ನಾಲ್ಕೇ ದಿನದಲ್ಲಿ ಆ ನೀರು ಒಣಗುತ್ತದೆ. ಬೇರೆ ಬಾಗಿಲುಗಳನ್ನೆಲ್ಲ ಬಿಗಿಯಾಗಿ ಮುಚ್ಚಿ ಫ್ಯಾನು ಜೋರು ಮಾಡಿದೆವಲ್ಲ, ಕೋಣೆ ರಬ್ಬರು ಹಾಸಿನ ಅಂಚಿನಿಂದ ಚರಂಡಿಯನ್ನೇ ಹೀರತೊಡಗಿತು. ನಿನ್ನ ಇಲಿಬೇಟೆಯ ಫ್ಯಾನಿನ ಹಾಗೆ.

ನಾನು ಅಂದದ್ದು "ನಿಮ್ಮಪ್ಪನ ಮನೆ ಬಚ್ಚಲಲ್ಲ" ಎಂದು. ಅಪ್ಪನ ಮನೆ ಬಚ್ಚಲೇ ಆಗಿತ್ತು. ಕ್ಷಮಿಸು ಎಂದು ಬರೆಯುತ್ತಿದ್ದೇನೆ, ಬಾಯಲ್ಲಿ ಹೇಳಲು ನೀನು ಅವಕಾಶ ಕೊಟ್ಟಿಲ್ಲ. ನಿನ್ನನ್ನು ಕಳೆದುಕೊಂಡದ್ದಕ್ಕೂ ಕ್ಷಮಿಸು, ನಿನ್ನ ಬಕೆಟ್ ನಿಲ್ಲಿಸಿದ್ದಕ್ಕೂ ಕ್ಷಮಿಸು.

ಈಗ ವರದಿ ಬರೆಯಬೇಕು. ಮ್ಯಾನೇಜರು, "ಮೋರಿ ದುರಸ್ತಿ ಮಾಡಲಾಯಿತು ಅಂತ ಬರೀರಿ, ಸಾಕು" ಎಂದರು. ವರದಿಯಲ್ಲಿ ಇನ್ನೊಂದು ಕಾಲಂ ಇದೆ: ದೋಷ ಯಾವ ದಿನದಿಂದ. ಆ ದಿನ ನನಗೆ ಗೊತ್ತು. ನೋಟಿಸಿನ ಮೇಲೆ ನನ್ನದೇ ಅಕ್ಷರದಲ್ಲಿದೆ, ನವೆಂಬರ್ 14. ಎರಡೂವರೆ ವರ್ಷ ಆ ಕೋಣೆಗೆ ಹೋಗಿಬಂದವರು ಇಪ್ಪತ್ತಾರು ಜನ. ಗೋಡೆಯಾಚೆ ಹದಿನೇಳು ಮನೆ. ದಿನ ಬರೆಯದಿದ್ದರೆ ಅವರಿಗೆ ಯಾರೂ ತಪಾಸಣೆ ಮಾಡಿಸುವುದಿಲ್ಲ. ಬರೆಯುತ್ತೇನೆ.

ಅಪ್ಪನಿಗೆ ಕಾರಣ ಗೊತ್ತಿತ್ತೇ ಎಂದು ಅಮ್ಮನನ್ನು ಕೇಳು.

ಅಕ್ಕ

*

ಮೇ 21

ಅಕ್ಕಾ,

ದಿನ ಬರೆಯಬೇಡ. ನಿನಗೆ ಬುದ್ಧಿ ಹೇಳುವಷ್ಟು ದೊಡ್ಡವನಲ್ಲ, ಆದರೂ ಹೇಳುತ್ತೇನೆ. ತಪಾಸಣೆ ಬೇಕಾದರೆ ಬೇರೆ ನೆಪ ಹೇಳಿ ಮಾಡಿಸಬಹುದು. ನೋಟಿಸಿಗೆ ಸಹಿ ಹಾಕಿದವಳು ನೀನೊಬ್ಬಳೇ, ಎಲ್ಲ ನಿನ್ನ ತಲೆಗೇ ಬರುತ್ತದೆ. ಹತ್ತೊಂಬತ್ತು ವರ್ಷದ ಕೆಲಸ ನಿನ್ನದು. ಯಂತ್ರ ಬಿಡಿಸಿ ಕಲಿತದ್ದು ನೀನು, ಪರೀಕ್ಷೆ ಕಟ್ಟಿ ಆ ಮೇಜಿಗೆ ಬಂದದ್ದು ನೀನು.

ಮತ್ತೆ ತಪ್ಪು ನಿನ್ನದೊಂದೇ ಅಲ್ಲ. ಜನವರಿಯಲ್ಲಿ ನಕ್ಷೆ ಬರೆಯುವಾಗ ನೀರಿನ ದಾರಿಯೂ ನನ್ನ ತಲೆಯಲ್ಲಿತ್ತು. ಪೆನ್ನು ಅಲ್ಲಿಗೆ ಹೋಗಿತ್ತು. ಕೇಳಿಲ್ಲವಲ್ಲ, ಬೇಕಿದ್ದರೆ ಕೇಳಲಿ ಎಂದು ಬಿಟ್ಟೆ. ಆ ಒಂದು ಗೆರೆ ಎಳೆದಿದ್ದರೆ ಎಂಜಿನಿಯರು ಮೋರಿಯನ್ನು ನೋಡುತ್ತಿದ್ದರು. ನನ್ನ ಹಟಕ್ಕೆ ನಾಲ್ಕು ತಿಂಗಳು ಅವರೆಲ್ಲ ಅದನ್ನು ಉಸಿರಾಡಿದರು. ಹನ್ನೊಂದು ದಿನ ಮಗುವಿನ ಉಸಿರು ಎಣಿಸಿದವನು ನಾನು, ಈಗ ಇದು ನನಗೆ ನುಂಗಲಾಗುತ್ತಿಲ್ಲ.

ಅವತ್ತು ನೀನು ಬೈಯುವ ಬದಲು "ಯಾಕೆ ಸುರೀತೀಯ" ಎಂದು ಕೇಳಿದ್ದರೂ ನನ್ನ ಹತ್ತಿರ ಉತ್ತರವಿರಲಿಲ್ಲ. ಅಪ್ಪ ಸುರಿದರು, ನಾನೂ ಸುರಿದೆ. ನಾನೂ ಅವರನ್ನು ಕೇಳಿರಲಿಲ್ಲ.

ಅಮ್ಮ ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ, ಪಕ್ಕದಲ್ಲೇ ಕೂತಿದ್ದಾಳೆ: "ಕಾರ್ಖಾನೆ ವಿಷಯ ಅವರು ಮನೇಲಿ ಆಡ್ತಿರ್ಲಿಲ್ಲ. ಬಚ್ಚಲಿಗೆ ನೀರು ಹಾಕೋದನ್ನ ಅವರಿಗೆ ಹೇಳಿಕೊಟ್ಟಿದ್ದು ನಾನು, ಮದುವೆ ಆದ ಹೊಸದರಲ್ಲಿ. ಒಂದು ದಿನ ಬಂದು, 'ನಿನ್ನ ಬಚ್ಚಲಿನ ವಿದ್ಯೆ ಅಲ್ಲೂ ನಡೀತು ಕಣೇ' ಅಂದ್ರು. ಏನು ಎತ್ತ ಅಂತ ನಾನೂ ಕೇಳ್ಲಿಲ್ಲ. ನೀವಿಬ್ರೂ ಅಷ್ಟೇ, ಅವರೂ ಅಷ್ಟೇ, ಬಾಯಿ ಇರೋದು ಜಗಳಕ್ಕೆ ಮಾತ್ರ. ಮಗಳೇ, ನಿನಗೆ ಸರಿ ಕಂಡಿದ್ದು ಮಾಡು. ಊಟ ಬಿಡಬೇಡ."

ಅವಳ ಮಾತು ಕೇಳಬೇಡ, ನನ್ನದು ಕೇಳು.

ತಮ್ಮ

*

ಜುಲೈ 2

ತಮ್ಮನಿಗೆ,

ಅಮ್ಮನ ಮಾತು ಕೇಳಿದೆ. ದಿನ ಬರೆದೆ.

ಅಧಿಕಾರಿ ವರದಿಯನ್ನು ಓದಿ, ಕನ್ನಡಕ ತೆಗೆದು ಒರೆಸಿಕೊಂಡು, "ಈ ಕಾಲಂನ ಎಲ್ಲರೂ ಖಾಲಿ ಬಿಡ್ತಾರೆ" ಎಂದರು. "ನನಗೆ ಗೊತ್ತಿತ್ತು, ಅದಕ್ಕೆ ತುಂಬಿದೆ" ಎಂದೆ. ಕಾರ್ಖಾನೆಗೆ ದಂಡ ಬಿತ್ತು, ಬೀಗ ಬೀಳಲಿಲ್ಲ. ಮೇ 31ರಿಂದ ಜೂನ್ 29ರವರೆಗೆ ಮೂವತ್ತು ದಿನ ಅಂಕಿ ಒಮ್ಮೆಯೂ ಎಂಟು ದಾಟಲಿಲ್ಲ. ಮೊನ್ನೆ ಆಕೆ ಮೀಟರು ನೋಡಿ ಚಹಾ ಕೇಳಿ ಕುಡಿದರು. ನಿನ್ನ ಕಪಾಟು ಖಾಲಿಯಾಗುವುದಿಲ್ಲ.

ಹದಿನೇಳು ಮನೆಗಳಿಗೂ ನಾನೇ ಹೋದೆ. ಕಾಗದ ಅಂಟಿಸಿ ಬಂದರೆ ಸಾಕು ಎಂದಿದ್ದರು, ನನಗೆ ಸಾಲದು ಅನಿಸಿತು. ಒಂದು ಮನೆಯಲ್ಲಿ ಕುರ್ಚಿ ಕೊಟ್ಟು ಕೂರಿಸಿ ಎಲ್ಲ ಕೇಳಿದರು. ಇನ್ನೊಂದರಲ್ಲಿ ನಾನು ಬಾಯಿ ತೆರೆಯುವ ಮೊದಲೇ ಬಾಗಿಲು ಹಾಕಿದರು, ಅದು ಅವರ ಹಕ್ಕು. ಮಾರನೇ ದಿನ ಮತ್ತೆ ಹೋದೆ, ಆಗ ತೆಗೆದರು. ಕೆಲಸದವರಿಗೂ ಆ ಮನೆಗಳವರಿಗೂ ರಕ್ತಪರೀಕ್ಷೆ ಆಯಿತು. ಸದ್ಯಕ್ಕೆ ಏನೂ ಕಂಡಿಲ್ಲ. ಸದ್ಯಕ್ಕೆ ಎನ್ನುವುದನ್ನು ನಾನು ಮರೆಯುವುದಿಲ್ಲ, ಪ್ರತಿ ವರ್ಷ ಮಾಡಿಸಬೇಕೆಂದು ಬರೆಸಿಕೊಂಡಿದ್ದೇನೆ.

ಗುಂಡಕ್ಕ ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೇ ದಿನ ಬಂದು, "ನನ್ನ ಕೈ ಮುರೀತು ಅಂತ ತಾನೇ ನೀವು ಬೋರ್ಡ್ ಹಾಕಿದ್ದು. ಒಳ್ಳೇದಕ್ಕೇ ಮಾಡಿದ್ರಿ. ಆದ್ರೂ ಯಾಕೆ ಅಂತ ಒಂದು ಮಾತು ಕೇಳಬೇಕಿತ್ತು" ಎಂದಳು. ಇದಕ್ಕಿಂತ ಸರಿಯಾಗಿ ಯಾರೂ ಹೇಳಲಿಲ್ಲ.

ಪಂಪಿನ ನೀರಿಗೆ ಈಗ ಬೇರೆ ಮುಚ್ಚಿದ ಕೊಳವೆ. ಮೋರಿಗೆ ತೊಟ್ಟಿಕ್ಕುವ ನಲ್ಲಿ. ನಲ್ಲಿ ಕೈಕೊಟ್ಟರೆ ಎಂದು ಬಕೆಟ್ಟನ್ನೂ ಉಳಿಸಿದ್ದೇನೆ. ಕೆಲಸದ ಹಂತಗಳ ಹಾಳೆಯಲ್ಲಿ ಈಗ ಮೊದಲ ಹಂತ ಅದೇ, ಪಕ್ಕದಲ್ಲಿ "ಕಾರಣ" ಎಂದು ಹೊಸ ಕಾಲಂ ಮಾಡಿಸಿದೆ. ಎಲ್ಲ ಹಂತಕ್ಕೂ ಕಾರಣ ಬರೆಯಬೇಕು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆಯಬೇಕು.

ಈ ತಿಂಗಳ ಮೂರನೇ ವಾರದಿಂದ ನನ್ನ ಕೆಲಸದಲ್ಲಿ ಸ್ವಲ್ಪ ಬದಲಾವಣೆಯಾಗಲಿದೆ. ದೊಡ್ಡದೇನಲ್ಲ. ಮಗುವಿನ ಒಂದು ಫೋಟೋ ಕಳಿಸು.

ಅಕ್ಕ

*

ಜುಲೈ 24

ಅಕ್ಕಾ,

ಇವತ್ತು ಬೆಳಗ್ಗೆ ನಿಮ್ಮ ಪೆಟ್ಟಿಗೆಗಳು ಬಂದವು. ಎಂದಿನಂತೆ ಚೀಟಿ ನೋಡಿದೆ. ಬಲಮೂಲೆಯಲ್ಲಿ ಯಾರದೋ ಸಹಿ. ಇನ್ನೊಂದು ಪೆಟ್ಟಿಗೆ ನೋಡಿದೆ, ಅದರಲ್ಲೂ ಅದೇ. ನಲವತ್ತು ಪೆಟ್ಟಿಗೆಯನ್ನೂ ತಿರುಗಿಸಿ ನೋಡಿದೆ. ನಿನ್ನನ್ನು ಕೆಲಸದಿಂದ ತೆಗೆದರು ಎಂದುಕೊಂಡೆ. ಹೇಳಿದೆನಲ್ಲ ಬರೆಯಬೇಡ ಎಂದು, ಹೇಳಿದೆನಲ್ಲ ಎಂದು ಸ್ಟೋರಿನಲ್ಲಿ ಒಬ್ಬನೇ ಬೈದುಕೊಳ್ಳುತ್ತಾ ನಿಂತಿದ್ದೆ.

ಆಮೇಲೆ ಎಡಮೂಲೆ ಕಂಡಿತು. ಹದಿನಾಲ್ಕು ವರ್ಷ ನಾನು ಸಹಿ ಹಾಕಿದ ಜಾಗ. ಕೋಳಿ ಕೆದರಿದ್ದು ಹೋಗಿ ಅಲ್ಲಿ ನಿನ್ನ ಸಹಿ ಇತ್ತು, ಬಾಲ ಸಮೇತ.

ದೊಡ್ಡದೇನಲ್ಲ ಎಂದು ಬರೆದಿದ್ದೆ. ಮೇಜಿನಿಂದ ಎಬ್ಬಿಸಿ ಚೇಂಬರಿನ ಮುಂದೆ ನಿಲ್ಲಿಸಿದ್ದಾರೆ, ಅದು ದೊಡ್ಡದಲ್ಲವೇ? ಅಂದರೆ ಈಗ ದಿನಾ ಬೆಳಗ್ಗೆ ಆ ನಲ್ಲಿಯನ್ನು ನೋಡುವವಳು ನೀನು. ಬಕೆಟ್ ಎತ್ತುವವಳೂ ನೀನೇ. ಅಮ್ಮನಿಗೆ ಹೇಳಿದೆ. ಅವಳು "ಸೊಂಟ ಬಗ್ಗಿಸಿ ಎತ್ತಬೇಡ ಅನ್ನು, ಮಂಡಿ ಬಗ್ಗಿಸಿ ಎತ್ತಬೇಕು" ಎಂದಳು.

ಫೋಟೋ ಕಳಿಸುವುದಿಲ್ಲ. ಈ ಭಾನುವಾರ ಹನ್ನೊಂದರ ಬಸ್ಸಿಗೆ ನಾವು ನಾಲ್ಕೂ ಜನ ಬರುತ್ತಿದ್ದೇವೆ. ಬಾಗಿಲು ತೆಗೆದಿಡು. ನಿನ್ನ ಡ್ರಾಯರಿನಲ್ಲಿ ಒಂದು ಇಟ್ಟಿಗೆ ಇದ್ದರೆ ಅದನ್ನು ಕೊಟ್ಟು ನಿಲ್ಲಿಸು.

ಮಾತಿಲ್ಲ ಎಂದು ನಾನು ಅಂದದ್ದು ಮೇಲ್ವಿಚಾರಕಿಗೆ. ಚೇಂಬರ್ ಆಪರೇಟರಿಗೆ ಅಲ್ಲ.

ನಿನ್ನ ತಮ್ಮ